ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ?

ಬಿಡುತ್ತಾರೆ. ದುಡ್ಡು ಕಟ್ಟಿದವರನ್ನೆಲ್ಲ ಬಿಡುತ್ತಾರೆ. ಶಿವಮೊಗ್ಗದ ಮದುವೆ ಮನೆಗಳಲ್ಲಿ, ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ, ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಅವರು ಕೇಳುವುದು ಬೆತ್‌ಪೇಜ್ ಬ್ಲ್ಯಾಕ್ ಎಂಬ ಗಾಲ್ಫ್ ಮೈದಾನದ ಬಗ್ಗೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ, ಫಾರ್ಮಿಂಗ್‌ಡೇಲ್ ಊರಿನ ಬಳಿ, ಸರ್ಕಾರಿ ಉದ್ಯಾನವೊಂದರಲ್ಲಿ ಐದು ಗಾಲ್ಫ್ ಕೋರ್ಸ್‌ಗಳಿವೆ. ಅವುಗಳಲ್ಲಿ ಅತ್ಯಂತ ಕಠಿಣವಾದದ್ದು ಬ್ಲ್ಯಾಕ್. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಕೆಲವು ತಿಂಗಳು ಇದ್ದು ಬರಲು ಹೋಗುತ್ತಾರೆ. ಆ ಅಪ್ಪಂದಿರಲ್ಲಿ ಗಾಲ್ಫ್ ಆಡುವ ನಾಲ್ಕಾರು ಮಂದಿಗೆ, ನಾನು ಮಗಳ ಮನೆಗೆ ಹೋದಾಗ ಅಲ್ಲಿ ಆಡಿ ಬಂದ ಸುದ್ದಿ ಹೇಗೋ ತಲುಪಿದೆ.

ನನ್ನನ್ನು ಕೆರಳಿಸುವುದು ಅವರು ಕೇಳುವ ರೀತಿ. ತೀರ್ಥಹಳ್ಳಿಯ ಒಂದು ಉಪನಯನದಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಶುರು ಮಾಡಿದರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ನನಗಿಂತ ಚೆನ್ನಾಗಿ ಆಡುವವರು. ಅಲ್ಲಿ ಯಾರ ಪರಿಚಯ ಬೇಕಾಗುತ್ತದೆ, ಯಾರಿಂದ ಒಂದು ಮಾತು ಹೇಳಿಸಬೇಕು, ನಮ್ಮಂಥವರನ್ನು ಅವರು ಹೇಗೆ ನೋಡುತ್ತಾರೆ ಎಂದು ಮಜ್ಜಿಗೆ ಬರುವವರೆಗೂ ವಿಚಾರಿಸಿದರು. ಕೋರ್ಸ್ ಎಷ್ಟು ಉದ್ದವಿದೆ ಎಂದು ಒಮ್ಮೆಯೂ ಕೇಳಲಿಲ್ಲ. "ಮಾರಾಯರೇ, ಅಲ್ಲಿ ಯಾರಿಗೂ ಯಾರ ಶಿಫಾರಸೂ ಬೇಡ!" ಎಂದು ನಾನು ದನಿ ಏರಿಸಿದ್ದಕ್ಕೆ ಇಡೀ ಪಂಕ್ತಿ ನಮ್ಮ ಕಡೆ ತಿರುಗಿತು. ಬಡಿಸುತ್ತಿದ್ದ ಹುಡುಗ, ನನಗೆ ಏನೋ ಬಡಿಸಿಲ್ಲ ಎಂದುಕೊಂಡು ಓಡಿ ಬಂದ.

ಆ ಕೋರ್ಸ್ ಆರಂಭವಾದದ್ದು 1936ರಲ್ಲಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲವದು. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೂಲಿ ಕೊಟ್ಟು ಆ ನೆಲವನ್ನು ಹದ ಮಾಡಿಸಿತು. ಖಾಸಗಿ ಕ್ಲಬ್ಬಿಗೆ ಸೇರಲಾಗದ ಜನ ಆಡಲಿ ಎಂದೇ ಕಟ್ಟಿದ ಜಾಗಕ್ಕೆ, ಕ್ಲಬ್ಬಿನ ಬಾಗಿಲಲ್ಲಿ ನಿಂತವರಂತೆ ಅಳುಕುತ್ತ ಹೋಗುವುದೇಕೆ? ಸರ್ಕಾರದ ಒಡೆತನದ ಇಂಥ ಕೋರ್ಸ್‌ನಲ್ಲಿ ಗಾಲ್ಫ್‌ನ ದೊಡ್ಡ ಪಂದ್ಯಾವಳಿ ಯುಎಸ್ ಓಪನ್ ನಡೆದದ್ದು 2002ರಲ್ಲಿ, ಅದೇ ಮೊದಲು. ಗೆದ್ದವರು ಟೈಗರ್ ವುಡ್ಸ್. ಇಡೀ ಪಂದ್ಯಾವಳಿಯಲ್ಲಿ, ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ ಕಡಿಮೆಗೆ ಮುಗಿಸಿದವರು ಅವರೊಬ್ಬರೇ. ಅಮೆರಿಕ ಮತ್ತು ಯುರೋಪ್ ತಂಡಗಳು ಸೆಣಸುವ ರೈಡರ್ ಕಪ್ 2025ರಲ್ಲಿ ನಡೆದದ್ದೂ ಅಲ್ಲಿಯೇ.

ಮೊದಲ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದ ಹತ್ತಿರ ಬೇಲಿಗೆ ಒಂದು ಫಲಕ ಹಾಕಿದ್ದಾರೆ. ಇದು ಅತ್ಯಂತ ಕಷ್ಟದ ಕೋರ್ಸ್, ಪಳಗಿದ ಆಟಗಾರರಿಗೆ ಮಾತ್ರ ನಮ್ಮ ಶಿಫಾರಸು ಎಂಬುದು ಅದರ ಸಾರ. ಅಲ್ಲಿರುವುದು ಇಷ್ಟೇ, ಎಚ್ಚರಿಕೆ. ಅದನ್ನು ಓದಿದ ಮೇಲೂ ನೀವು ಟೀ ಮೇಲೆ ನಿಂತರೆ ಯಾರೂ ತಡೆಯುವುದಿಲ್ಲ. ನನ್ನೊಂದಿಗೆ ಜೋಡಿಸಿದ ಮೂವರಲ್ಲಿ ಒಬ್ಬರು ಕೊಳಾಯಿ ರಿಪೇರಿ ಮಾಡುವವರು. ಆಟ ಶುರು ಮಾಡಲು ಒಳ್ಳೆಯ ಸಮಯ ಸಿಗಲಿ ಎಂದು ರಾತ್ರಿಯೆಲ್ಲ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೇ ಮಲಗಿದ್ದರು. ಅಲ್ಲಿ ಹಾಗೆ ಸರದಿ ಕಾಯುವವರು ಬಹಳ. ಮೊದಲು ಬಂದವರಿಗೆ ಮೊದಲ ಅವಕಾಶ.

ಹಾಗಾದರೆ ಕೇಳಬೇಕಾದದ್ದು ಏನು? ಗಾಲ್ಫ್ ಕೋಲುಗಳ ನನ್ನ ಚೀಲವನ್ನು ನಾನೇ ಹೊತ್ತು ನಡೆಯಬಲ್ಲೆನೇ ಎಂದು ಕೇಳಿಕೊಳ್ಳಿ. ಬ್ಲ್ಯಾಕ್‌ನಲ್ಲಿ ಗಾಲ್ಫ್ ಗಾಡಿ ಇಲ್ಲ. ಆಡುವವರೆಲ್ಲ ನಡೆಯಲೇಬೇಕು. ಹಿಂದಿನ ಟೀಗಳಿಂದ ಉದ್ದ 7,400 ಗಜ ಮೀರುತ್ತದೆ. ಅಲ್ಲಿಂದ ಆಡುವ ಹಟ ಬೇಡ, ಅದಕ್ಕಿಂತ ಮುಂದೆ, ಕಡಿಮೆ ದೂರದ ಟೀಗಳಿವೆ. ಹದಿನೆಂಟು ಕುಳಿಗಳ ಈ ಆಟದ ನಾಲ್ಕನೇ ಹೋಲ್‌ನಲ್ಲಿ ಎದುರಿನ ದಿಬ್ಬದ ಮೈಗೆ ಅಡ್ಡಲಾಗಿ ದೊಡ್ಡ ಬಂಕರ್, ಅಂದರೆ ಮರಳಿನ ಹೊಂಡ, ಬಾಯಿ ತೆರೆದು ನಿಂತಿದೆ. ಹದಿನೈದನೆಯದರಲ್ಲಿ ಕಾಲು ಸೋತಿರುವ ಹೊತ್ತಿಗೆ ಸರಿಯಾಗಿ ಕಡಿದಾದ ಏರಿನ ಮೇಲೆ, ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್. ಇವೆರಡಕ್ಕಿಂತ ಹೆಚ್ಚು ಹೆದರಬೇಕಾದದ್ದು ಚೆಂಡು ಸಾಗಬೇಕಾದ ಹಾದಿ, ಅಂದರೆ ಫೇರ್‌ವೇ ಪಕ್ಕದ ಹುಲ್ಲಿಗೆ. ಚೆಂಡು ಅದರೊಳಗೆ ಇಳಿದರೆ ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ, ಪಾದದಿಂದ ತಡಕಾಡಬೇಕು. ಸಿಕ್ಕ ಮೇಲೆ ಬೀಸಿದರೆ ಹುಲ್ಲು ಕೋಲಿನ ಕತ್ತನ್ನು ಹಿಡಿದು ತಿರುಚುತ್ತದೆ, ಮಣಿಕಟ್ಟು ನೋಯುತ್ತದೆ. ಅಲ್ಲಿಂದ ಗ್ರೀನ್ ಕಡೆ ಗುರಿಯಿಡಬೇಡಿ. ಚೆಂಡನ್ನು ಮೇಲೆತ್ತುವ ವೆಜ್ ಕೋಲು ತೆಗೆದು ಫೇರ್‌ವೇಗೆ ವಾಪಸು ಹಾಕಿ.

ಇದಕ್ಕೆ ತಯಾರಿ ಊರಲ್ಲೇ ಆಗಬೇಕು. ಕುಂದಾದ್ರಿಯ ತುದಿಯವರೆಗೂ ಡಾಂಬರು ರಸ್ತೆಯಿದೆ. ಗಾಲ್ಫ್ ಚೀಲ ಬೆನ್ನಿಗೇರಿಸಿ ಅದನ್ನು ಹತ್ತಿ ಇಳಿಯಿರಿ, ಮಳೆಗಾಲ ಹಿಡಿಯುವ ಮುಂಚೆ. ಆಗುಂಬೆ ಸೀಮೆಯ ಜೂನ್ ತಿಂಗಳಲ್ಲಿ ಅಭ್ಯಾಸದ ಮಾತೇ ಇಲ್ಲ. ಇನ್ನೊಂದು ವಿಷಯ: ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ದರ ಬಹಳ ಕಡಿಮೆ, ಬುಕಿಂಗ್ ಕೂಡ ಮೊದಲು ತೆರೆಯುತ್ತದೆ. ನ್ಯೂಜೆರ್ಸಿಯಲ್ಲಿರುವ ನಿಮ್ಮ ಮಗ ಆ ಲೆಕ್ಕದಲ್ಲಿ ಹೊರಗಿನವನೇ. ಕಾರಿಲ್ಲದಿದ್ದರೆ ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಿಂದ ಫಾರ್ಮಿಂಗ್‌ಡೇಲ್‌ಗೆ ರೈಲಿದೆ. ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

ಚೀಲ ಹೊರುವ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಲ್ಲಿ ನಮ್ಮ ಚೀಲ ಹೊರುವವನು ಕ್ಯಾಡಿ. ಪೊದೆಯಲ್ಲಿ ಚೆಂಡು ಹುಡುಕುವವನು, ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವಾಗ "ಎಡಕ್ಕೆ ಒಂದು ಬೆರಳು ಸರ್" ಎಂದು ನೆಲದ ವಾಲು ಓದಿ ಹೇಳುವವನು ಅವನೇ. ನಮ್ಮ ಅರ್ಧ ಆಟ ಅವನದು. ಬೆತ್‌ಪೇಜ್ ಬಗ್ಗೆ ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವನೂ ಅಂಥ ಒಬ್ಬ ಹುಡುಗನೇ: "ಅಲ್ಲಿ ಕ್ಯಾಡಿಗಳೂ ದುಡ್ಡು ಕಟ್ಟಿ ಆಡಬಹುದೇ ಸರ್?" ಆಡಬಹುದಪ್ಪ, ಎಲ್ಲರ ಹಾಗೆಯೇ ಎಂದೆ. ಅವನ ಮುಂದಿನ ಮಾತು, ಹಾಗಾದರೆ ಅಲ್ಲಿ ದರ ಎಷ್ಟು ಎಂದು. ತನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯನ್ನು ಅವನು ಆ ಒಂದು ಉತ್ತರದಲ್ಲೇ ಮುಗಿಸಿಬಿಟ್ಟಿದ್ದ.

ಬಿಡದಿಯ ಬಳಿಯ ಹಳ್ಳಿಯಿಂದ ಬಂದು, ಕ್ಯಾಡಿಯಾಗಿ ದುಡಿದು, ವೃತ್ತಿಪರ ಆಟಗಾರರಾದ ಎಸ್. ಚಿಕ್ಕರಂಗಪ್ಪ ನಮ್ಮ ಕರ್ನಾಟಕದವರೇ. ಮಲೆನಾಡಿನ ಹುಡುಗರಿಗೂ ಆ ಕೈಯಿದೆ, ಕಣ್ಣಿದೆ, ಏರು ಹತ್ತುವ ಕಾಲಂತೂ ಇದ್ದೇ ಇದೆ. ಹೊಸ ಕೋರ್ಸ್‌ಗಾಗಿ ಸೊಪ್ಪಿನಬೆಟ್ಟ ಬೋಳಿಸಿ ಎಂದು ನಾನು ಹೇಳುತ್ತಿಲ್ಲ, ಅದು ನನಗೂ ಬೇಡ. ಇರುವ ಕೋರ್ಸ್‌ಗಳೇ ವಾರದಲ್ಲಿ ಒಂದು ಬೆಳಗ್ಗೆ ಯಾರು ಬಂದರೂ ಆಡಬಹುದು ಎಂದು ತೆರೆದುಕೊಳ್ಳಲಿ. ಹುಡುಗರಿಗೆ ಕೈಗೆಟಕುವ ದರವನ್ನು ಕನ್ನಡದಲ್ಲಿ ಬರೆದು ಗೇಟಿಗೆ ಹಾಕಲಿ. ಅಮೆರಿಕದ ಟಿಕೆಟ್ ಕೈಯಲ್ಲಿ ಹಿಡಿದು ನನ್ನನ್ನು ಕೇಳಲು ಬರುವ ನೀವು ಹೆಚ್ಚಿನವರು ಇಲ್ಲಿನ ಕ್ಲಬ್ಬುಗಳ ಸದಸ್ಯರು, ಕೆಲವರು ಸಮಿತಿಯಲ್ಲೂ ಇದ್ದೀರಿ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಆಮೇಲೆ ಬನ್ನಿ, ಬೆತ್‌ಪೇಜ್‌ನ ಹದಿನೆಂಟೂ ಹೋಲ್‌ಗಳ ನಕ್ಷೆ ಬರೆದು ಕೊಡುತ್ತೇನೆ.