ಕೆಂಪು ಬೊಟ್ಟು ಅಳಿಸಿದ ಭಾನುವಾರ

ಮೊನ್ನೆ ಭಾನುವಾರ ಇಡೀ ಮಧ್ಯಾಹ್ನ ಕೂತು, ಹೆಚ್ಚುಕಮ್ಮಿ ಮುಗಿದಿದ್ದ ವಿಮಾನದ ಮಾಡೆಲ್‌ನಿಂದ ಡಿಕಾಲ್, ಅಂದರೆ ಗುರುತಿನ ತೆಳು ಸ್ಟಿಕ್ಕರ್, ಕಿತ್ತೆ. ಸೆಲ್ಲೋಟೇಪ್ ಅಂಟಿಸುವುದು, ಎಳೆಯುವುದು, ಮತ್ತೆ ಅಂಟಿಸುವುದು. 1/72 ಅಳತೆಯ, ಅಂದರೆ ಅಸಲಿಗಿಂತ 72 ಪಟ್ಟು ಚಿಕ್ಕದಾದ, ಹರಿಕೇನ್ ಯುದ್ಧವಿಮಾನ ಅದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 17 ಸೆಂ.ಮೀ. ಅಷ್ಟೇ.

ನಾನು ಮಾಡಲು ಹೊರಟಿದ್ದು 1944ರಲ್ಲಿ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಇಂಫಾಲದಲ್ಲಿದ್ದ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ವಿಮಾನ. ಆಗ ಅದರ ನಾಯಕ ಅರ್ಜನ್ ಸಿಂಗ್. ಕಿಟ್‌ನಲ್ಲಿ ಬಂದ ಡಿಕಾಲ್‌ಗಳು ಮಾತ್ರ ಇಂಗ್ಲೆಂಡಿನ ವಿಮಾನದವು. ರೆಕ್ಕೆ, ಮೈ ಮೇಲಿನ ದುಂಡು ಗುರುತು: ಸುತ್ತ ನೀಲಿ, ಒಳಗೆ ಬಿಳಿ, ನಡುವೆ ಕೆಂಪು ಬೊಟ್ಟು. ನಾನೂ ಯೋಚನೆ ಮಾಡದೆ ಅಂಟಿಸಿಬಿಟ್ಟಿದ್ದೆ.

ಆಮೇಲೆ ಬರ್ಮಾ ಗಡಿಯ ಹಳೆಯ ಫೋಟೊಗಳನ್ನು ನೋಡುತ್ತಾ ಕೂತಾಗ ಎದೆ ಧಸಕ್ಕೆಂದಿತು. ಒಂದರಲ್ಲೂ ಬೊಟ್ಟಿಲ್ಲ! ಜಪಾನಿ ವಿಮಾನಗಳ ಗುರುತೇ ಕೆಂಪು ಬೊಟ್ಟು, ಅಲ್ವಾ? ದೂರದಿಂದ ಕೆಂಪು ಕಂಡರೆ ಸಾಕು, ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯುವ ಭಯ. ಅಮೆರಿಕದವರು 1942ರ ಮೇನಲ್ಲೇ ತಮ್ಮ ನಕ್ಷತ್ರದ ನಡುವಿನ ಕೆಂಪು ತೆಗೆದಿದ್ದರು. ಇಲ್ಲೂ ಕೆಂಪು ಹೋಯಿತು. ಆದರೆ ಹಸಿರು ಕಾಡಿನ ಮೇಲೆ ಬರೀ ಬಿಳಿ ಎದ್ದು ಕಾಣುತ್ತಿತ್ತು. ಹಾಗಾಗಿ ಬಿಳಿಗೆ ಸ್ವಲ್ಪ ನೀಲಿ ಬೆರೆಸಿದರು. ಸುತ್ತ ಕಡು ನೀಲಿ, ನಡುವೆ ತಿಳಿ ನೀಲಿ.

ಎಷ್ಟು ತಿಳಿ? ನನ್ನ ತಲೆ ತಿಂದಿದ್ದು ಇದೇ. ಕಪ್ಪು-ಬಿಳುಪು ಫೋಟೊ ನಂಬಿದರೆ ಕೆಟ್ಟೆವು. ಆಗಿನ ಕೆಲವು ಫಿಲ್ಮ್‌ಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ಬೀಳುತ್ತಿತ್ತು. ಹಳದಿಯೂ ಮಂಕು. ನೀಲಿ ಮಾತ್ರ ಬೆಳ್ಳಗೆ. ನಾಲ್ಕು ಬಗೆಯಲ್ಲಿ ಬಣ್ಣ ಕಲಸಿ, ರಟ್ಟಿನ ಮೇಲೆ ಬಳಿದು, ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಹಳೆಯ ಫಿಲ್ಮ್‌ನ ಕಣ್ಣಲ್ಲಿ ನೋಡೋಣ ಅಂತ ಅದರಲ್ಲಿ ನೀಲಿ ಬೆಳಕಿನ ಭಾಗ (ಚಾನೆಲ್) ಮಾತ್ರ ಉಳಿಸಿ ನೋಡಿದರೆ ನಾಲ್ಕೂ ಒಂದೇ ಥರ! ಕೊನೆಗೆ ಅಜ್ಜಿ ಮನೆಯ ಗೋಡೆ ನೆನಪಾಯಿತು. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಜಾಸ್ತಿ ಬಿದ್ದರೆ ಬರುತ್ತಿತ್ತಲ್ಲ, ಆ ಬಣ್ಣ. ಅದನ್ನೇ ಹಚ್ಚಿದೆ. ಇದಕ್ಕೆ ಪುರಾವೆ ಕೇಳಬೇಡಿ.

ಉಳಿದದ್ದು ಸುಲಭ. ಮೇಲೆ ಕಡು ಹಸಿರು, ಮಣ್ಣು ಬಣ್ಣ. ಹಂಬ್ರಾಲ್ ಕಂಪನಿಯ ಪೇಂಟ್, ನಂಬರ್ 30 ಮತ್ತು 29. ಯುರೋಪಿನಲ್ಲಿದ್ದ ಬ್ರಿಟಿಷ್ ಫೈಟರ್‌ಗಳಲ್ಲಿ 1941ರಿಂದಲೇ ಮಣ್ಣು ಬಣ್ಣದ ಜಾಗಕ್ಕೆ ಬೂದು ಬಂದಿತ್ತು. ಕಾಡಿನ ಮೇಲೆ ಹಾರುವವರಿಗೆ ಮಣ್ಣೇ ಸರಿ.

ಅಮ್ಮ ಬಂದು ನೋಡಿದರು. "ನಮ್ಮದು ಅಂತೀಯ, ಕೇಸರಿ-ಬಿಳಿ-ಹಸಿರು ಎಲ್ಲೋ?"

"ಅದು 1950ರಲ್ಲಿ ಬಂದಿದ್ದಮ್ಮ."

"ಹಾಗಾದ್ರೆ 1950ರದ್ದು ಮಾಡಬೇಕಿತ್ತು" ಅಂದು ಕಾಫಿ ಲೋಟ ಇಟ್ಟು ಹೋದರು.

ಎಡ ರೆಕ್ಕೆಯಲ್ಲಿ ಟೇಪಿನ ಜೊತೆ ಹಸಿರೂ ಎದ್ದು ಬಂದಿದೆ. ಇವತ್ತು ರಾತ್ರಿ ಅದಕ್ಕೆ ತೇಪೆ ಹಾಕಬೇಕು.