ವಿದುರಾಶ್ವತ್ಥದಲ್ಲಿ ಒಂದು ಹಗಲು: ಕಲ್ಲು, ಹೊಳೆ, ಬಾವುಟ

ಮಂಗಳವಾರ, 20 ಜನವರಿ 2026

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಆರೇಳು ಕಿಲೋಮೀಟರ್ ಹೋದರೆ ನಾಗರಕಲ್ಲುಗಳ ಕ್ಷೇತ್ರ ವಿದುರಾಶ್ವತ್ಥ. ಬಸ್ಸೂ ಉಂಟು, ಆಟೊನೂ ಉಂಟು. ಬೆಂಗಳೂರಿನಿಂದ ರೈಲಿಗೆ ಬರುವವರಿಗೆ ಊರಿನ ಹೆಸರಿನದೇ ನಿಲ್ದಾಣ ಇದೆ, ಆದರೆ ಪ್ಯಾಸೆಂಜರ್ ಗಾಡಿ ಹಿಡಿಯಬೇಕು. ಎಕ್ಸ್‌ಪ್ರೆಸ್ ಹತ್ತಿದವರು ಗೌರಿಬಿದನೂರಿನಲ್ಲೇ ಇಳಿದುಬಿಡುವುದು ಒಳ್ಳೆಯದು. ಮಂಗಳವಾರ, ಭಾನುವಾರ, ಷಷ್ಠಿಯ ದಿನ ಜನ ಜಾಸ್ತಿ. ಎಂಟು ಗಂಟೆಯೊಳಗೆ ಒಳಗಿದ್ದರೆ ನಿಂತು ನೋಡಬಹುದು. ಹೊತ್ತೇರಿದ ಮೇಲೆ ತನಿ, ಅಂದರೆ ನಾಗರಕಲ್ಲಿಗೆ ಹಾಲು, ಎರೆಯುವವರ ನಡುವೆ ನುಗ್ಗಾಟವೇ.

ವಿದುರ ನೆಟ್ಟದ್ದೆಂದು ಜನ ನಂಬಿದ್ದ ಹಳೆಯ ಅಶ್ವತ್ಥ 2001ರಲ್ಲಿ ಬಿದ್ದುಹೋಯಿತು. ಅದು ಗೊತ್ತಿಲ್ಲದೆ ಬಂದು 'ಮರ ಎಲ್ಲಿ?' ಎಂದು ಕೇಳುವವರು ಈಗಲೂ ಇದ್ದಾರೆ. ಮರ ಹೋದರೂ ಪೂಜೆ ನಿಂತಿಲ್ಲ. ಯಾವ ಅಶ್ವತ್ಥವನ್ನೇ ಆಗಲಿ ಶನಿವಾರ ಬಿಟ್ಟು ಬೇರೆ ದಿನ ಮುಟ್ಟಬಾರದೆಂಬುದು ರೂಢಿ, ಹಾಗಾಗಿ ಉಳಿದ ದಿನ ಬಂದವರಿಗೆ ಪ್ರದಕ್ಷಿಣೆ ಮಾತ್ರ.

ನೋಡಬೇಕಾದದ್ದು ನಾಗರಕಲ್ಲುಗಳನ್ನು. ಸಾವಿರಾರು ಇವೆ, ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ದೂರದಿಂದ ಎಲ್ಲ ಒಂದೇ ಥರ. ಕೂತು ನೋಡಿದರೆ ಹಾಗಲ್ಲ. ಒಂದರಲ್ಲಿ ಒಂಟಿ ಹಾವು, ಸುರುಳಿ ಸುತ್ತಿ ಹೆಡೆ ಎತ್ತಿದೆ. ಹೆಡೆಗಳ ಲೆಕ್ಕ ಯಾವಾಗಲೂ ಬೆಸ: ಒಂದು, ಮೂರು, ಐದು, ಏಳು. ಪಕ್ಕದ್ದರಲ್ಲಿ ಜೋಡಿ ಹಾವು ಹೆಣೆದುಕೊಂಡಿವೆ, ಹೆಣಿಗೆಯ ಸಂದಿನಲ್ಲಿ ಹೆಬ್ಬೆರಳ ಗಾತ್ರದ ಲಿಂಗ. ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವಾದ ನಾಗಿಣಿಯೂ ಸಿಗುತ್ತಾಳೆ. ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಹಳೆಯ ಕಲ್ಲುಗಳ ಗೆರೆ ಅರ್ಧ ಮುಚ್ಚಿಹೋಗಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಕೆತ್ತನೆ ಎದ್ದು ಕಾಣುತ್ತದೆ, ನೆತ್ತಿಯ ಬಿಸಿಲಿಗೆ ಏನೂ ತಿಳಿಯುವುದಿಲ್ಲ.

ಮಕ್ಕಳಾಗಲಿ, ಸರ್ಪದೋಷ ಕಳೆಯಲಿ ಎಂದು ಕಲ್ಲು ಪ್ರತಿಷ್ಠೆ ಮಾಡಿಸುವವರು ಮೊದಲು ದೇವಸ್ಥಾನದ ಕಚೇರಿಯಲ್ಲಿ ಕೇಳಿ ಜಾಗ, ದಿನ ಗೊತ್ತು ಮಾಡಿಕೊಂಡು, ಆಮೇಲೆ ಕಲ್ಲು ಕೊಳ್ಳಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ. ಕಲ್ಲಿಗೆ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವಿದೆ, ಊರಿಗೆ ಊರೇ ಶಿಲ್ಪಿಗಳು. ಆರಿಸುವಾಗ ಸಣ್ಣ ಸುತ್ತಿಗೆಯಿಂದ ತಟ್ಟಿಸಿ ಕೇಳಿ. ಗಂಟೆಯಂತೆ ನಾದ ಬಂದರೆ ಗಟ್ಟಿ; ಮೊದ್ದು ಸದ್ದಾದರೆ ಒಳಗೆ ಬಿರುಕಿದೆ. ಮೇಲೆ ನೀರು ಸುರಿದು ಆರಲು ಬಿಟ್ಟರೂ ಗೊತ್ತಾಗುತ್ತದೆ: ಉಳಿದದ್ದೆಲ್ಲ ಆರಿದ ಮೇಲೂ ಬಿರುಕಿನ ಜಾಡು ಕಪ್ಪಗೆ ಉಳಿಯುತ್ತದೆ. ಪ್ರತಿಷ್ಠೆಗೆ ಮೊದಲು ಜಲಾಧಿವಾಸವೆಂದು ಕಲ್ಲನ್ನು ನೀರಿನಲ್ಲಿ ಮುಳುಗಿಸಿ ಇಡುವ ಪದ್ಧತಿಯಿದೆ. ಕೆಲವರು ಮೂರು ದಿನ ಇಡುತ್ತಾರೆ, ಕೆಲವರು ಪೂರ್ತಿ ಮಂಡಲ, ಅಂದರೆ 48 ದಿನ. ಶಾಸ್ತ್ರ ಹೇಗೂ ಇರಲಿ, ಕೆಟ್ಟ ಕಲ್ಲಿನ ಬಣ್ಣ ಅಲ್ಲೇ ಬಯಲಾಗುತ್ತದೆ. ಬಿರುಕು ಬಿಟ್ಟ ಕಲ್ಲಿಗೆ ಪೂಜೆಯಿಲ್ಲ, ಆದ್ದರಿಂದ ಮೊದಲೇ ಗೊತ್ತಾಗುವುದು ಲೇಸು.

ಎರಡಡಿ ಕಲ್ಲಾದರೆ ಕೆಳಗೆ ಕೆತ್ತದ ಬುಡ ಇನ್ನೂ ಮುಕ್ಕಾಲು ಅಡಿಯಾದರೂ ಇರಬೇಕು, ಅದು ಹೂಳಲು. ಬುಡ ಕಮ್ಮಿಯಾದ ಕಲ್ಲು, ಸಿಮೆಂಟಿನ ಮೇಲೆ ಸುಮ್ಮನೆ ಕೂರಿಸಿದ ಕಲ್ಲು, ಮರದ ಬೇರು ದಪ್ಪವಾದ ಹಾಗೆ ವಾಲುತ್ತದೆ, ಪಕ್ಕದ್ದನ್ನೂ ಒರಗಿಸುತ್ತದೆ. ಇನ್ನೊಂದು ಕಾಟ ಕರ್ಪೂರದ್ದು. ಕಲ್ಲಿನ ಬುಡಕ್ಕೇ ಹಚ್ಚಿದರೆ ಅಲ್ಲಿ ಮಾತ್ರ ಕಾದು, ಮೇಲೆ ತಣ್ಣನೆಯ ಹಾಲು ಬಿದ್ದು, ಚಕ್ಕೆ ಏಳುತ್ತದೆ. ತಟ್ಟೆಯಲ್ಲಿ ಹಚ್ಚಿ ಬೆಳಗಿದರೆ ಸಾಕು. ಹಾಲು ಒಂದು ಉದ್ಧರಣೆಯಷ್ಟು ಎರೆದರೂ ತನಿಯೇ. ಲೀಟರುಗಟ್ಟಲೆ ಸುರಿದರೆ ನೆಲ ಜಾರುತ್ತದೆ, ಬರಿಗಾಲಿನ ವಯಸ್ಸಾದವರು ಬೀಳುತ್ತಾರೆ. ಖಾಲಿ ಪ್ಯಾಕೆಟ್ಟನ್ನು ಸಂದಿಯಲ್ಲಿ ತುರುಕಿ ಹೋಗುವವರಿಗೆ ಯಾವ ದೋಷ ಪರಿಹಾರವಾಗುತ್ತದೋ!

ಹತ್ತಿರದಲ್ಲೇ ಉತ್ತರ ಪಿನಾಕಿನಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಆಂಧ್ರಕ್ಕೆ ಹೋಗಿ, ನೆಲ್ಲೂರಿನ ಕಡೆ ಪೆನ್ನಾ ಎನ್ನಿಸಿಕೊಂಡು ಬಂಗಾಳ ಕೊಲ್ಲಿ ಸೇರುತ್ತದೆ. ತೀರ್ಥಸ್ನಾನದ ಆಸೆ ಇಟ್ಟುಕೊಂಡು ಬರಬೇಡಿ. ವರ್ಷದ ಹೆಚ್ಚು ಕಾಲ ಇದು ಮರಳು, ಜೊಂಡು, ಜಾಲಿಯ ಹೊಳೆ. ಜೋರು ಮಳೆ ಬಂದ ವರ್ಷ ಮಾತ್ರ ಹರಿಯುತ್ತದೆ. ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತರೆ ಆಳ ಕಾಣುವುದಿಲ್ಲ, ಮಕ್ಕಳನ್ನು ಇಳಿಸಬಾರದು.

ದೇವರು ನೋಡಿ ನೇರ ಬಸ್ಸು ಹತ್ತುವವರು ಹುತಾತ್ಮರ ಸ್ಮಾರಕವಾದ ವೀರಸೌಧ ತಪ್ಪಿಸಿಕೊಳ್ಳುತ್ತಾರೆ. 1938ರ ಏಪ್ರಿಲ್ 25ರಂದು, ಜಾತ್ರೆಯ ಹೊತ್ತಿನಲ್ಲಿ, ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದವರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆಯುವುದು ಇದಕ್ಕೇ. ಆಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಸ್ಮಾರಕ, ಚಿತ್ರಗಳು ಎಲ್ಲ ಸೇರಿ ಮುಕ್ಕಾಲು ಗಂಟೆ ಬೇಕು. ಬಾಗಿಲು ಹಾಕಿದ್ದರೆ ಅಲ್ಲೇ ಯಾರನ್ನಾದರೂ ಕೇಳಿದರೆ ಹೇಳುತ್ತಾರೆ, ತೆಲುಗಿನಲ್ಲಿ ಕೇಳಿದರೂ ಸರಿ.

ಊಟಕ್ಕೆ ಗೌರಿಬಿದನೂರಿಗೆ ವಾಪಸಾಗುವುದು ವಾಸಿ. ಅವರೆಕಾಯಿ ಕಾಲವಾದರೆ ಮುದ್ದೆ, ಹಿತಕಿದಬೇಳೆ ಸಾರು ಸಿಕ್ಕರೆ ಬಿಡಬೇಡಿ.