ಹೆಗಲಿಗೆ ಸಿಕ್ಕ ಅರ್ಧ ಮಿಲಿಮೀಟರ್

"ಮೇಡಂ, ಇದು ಹಗುರ ಇದೆ."

ಬೆಳಿಗ್ಗೆ ಏಳೂವರೆ ಆಗಿತ್ತು. ನನ್ನ ಕೈಯಲ್ಲಿ ಡ್ರಾಯಿಂಗ್, ಎರೆಕ್ಷನ್ ಮೇಸ್ತ್ರಿಯ ಹೆಗಲ ಮೇಲೆ ಪರ್ಲಿನ್ನಿನ, ಅಂದರೆ ಛಾವಣಿ ಶೀಟನ್ನು ಹೊರುವ ಉಕ್ಕಿನ ಅಡ್ಡತೊಲೆಯ, ಒಂದು ತುದಿ. ಇನ್ನೊಂದು ತುದಿ ಅವರ ಹುಡುಗನ ಹೆಗಲ ಮೇಲೆ. ನಾನು ಬಂಡಲ್ಲಿಗೆ ಕಟ್ಟಿದ್ದ ಟ್ಯಾಗ್ ತಿರುಗಿಸಿ ಓದಿದೆ. 200 ಜೆಡ್, 2.5 ಎಂಎಂ, ಉದ್ದ 8250. ಅಂದರೆ 200 ಎಂಎಂ ಎತ್ತರದ ಜೆಡ್ (Z) ಆಕಾರ, ದಪ್ಪ ಎರಡೂವರೆ ಎಂಎಂ. ಡ್ರಾಯಿಂಗಿನಲ್ಲೂ ಅದೇ.

"ಟ್ಯಾಗ್ ಸರಿ ಇದೆಯಲ್ಲ, ಎತ್ತಿಸಿ" ಅಂದೆ.

"ಮೊನ್ನೆ ಆ ಕಡೆ ತುದೀಲಿ ಇದೇ ಪೀಸು ಎತ್ತಿದ್ವಿ. ಅದು ಇಷ್ಟು ಸಲೀಸಾಗಿ ಮೇಲೆ ಬರಲಿಲ್ಲ" ಅಂತ ಗೊಣಗಿಕೊಂಡೇ ಅವರು ಹಗ್ಗ ಬಿಗಿದರು. ನಾನು ಬೇರೆ ಕೆಲಸಕ್ಕೆ ಹೋದೆ. ಇದು ನಾನು ಮಾಡಿದ ತಪ್ಪು, ಮೊದಲೇ ಹೇಳಿಬಿಡ್ತೇನೆ.

ಶೆಡ್ಡು ದೊಡ್ಡದೇನಲ್ಲ. 30 ಮೀಟರ್ ಅಗಲ, 75 ಮೀಟರ್ ಉದ್ದ. ಏಳೂವರೆ ಮೀಟರಿಗೊಂದು ಫ್ರೇಮ್. ಎರಡು ಫ್ರೇಮಿನ ನಡುವಿನ ಜಾಗಕ್ಕೆ ಬೇ ಅಂತಾರೆ, ಇಲ್ಲಿ ಹತ್ತು ಬೇ. ಫ್ರೇಮಿನ ಮೇಲುಗಡೆಯ ಇಳಿಜಾರು ತೊಲೆಗೆ ರ‍್ಯಾಫ್ಟರ್ ಅಂತಾರೆ. ಎರಡು ರ‍್ಯಾಫ್ಟರ್‌ಗಳ ನಡುವಿನ ಈ ಏಳೂವರೆ ಮೀಟರನ್ನು ಅರ್ಧ ಎಂಎಂ ದಪ್ಪದ ಛಾವಣಿ ಶೀಟು ತಾನಾಗಿ ದಾಟಲಾರದು. ಅದಕ್ಕೇ ಅಡ್ಡತೊಲೆಯ ಹಾಗೆ ಪರ್ಲಿನ್ ಬೇಕು. ಇಲ್ಲಿ 1.4 ಮೀಟರಿಗೊಂದರಂತೆ ಒಂದು ಇಳಿಜಾರಿಗೆ ಹನ್ನೆರಡು ಸಾಲು, ಎರಡೂ ಕಡೆ ಸೇರಿ ಇಪ್ಪತ್ತನಾಲ್ಕು. ಒಟ್ಟು 240 ಪೀಸು.

ಹಿಂದೆ ಇದೇ ಕೆಲಸಕ್ಕೆ ಸಿ ಆಕಾರದ ದಪ್ಪ ಉಕ್ಕಿನ ಚಾನೆಲ್ ಹಾಕುತ್ತಿದ್ದರು. 125ರ ಚಾನೆಲ್ ಮೀಟರಿಗೆ ಸುಮಾರು 13 ಕೆಜಿ ತೂಗುತ್ತದೆ. ಒಳಗಿನ ಬೇಗಳಿಗೆ ಹಾಕುವ ನಮ್ಮ 200ರ ಜೆಡ್, 2 ಎಂಎಂ ದಪ್ಪದ್ದು, ಮೀಟರಿಗೆ ಐದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ತೆಳು ಜಿಐ ಕಾಯಿಲನ್ನು, ಅಂದರೆ ಸತು ಲೇಪಿಸಿದ ಉಕ್ಕಿನ ಹಾಳೆಯ ಸುರುಳಿಯನ್ನು, ತಣ್ಣಗಿರುವಾಗಲೇ ರೋಲರುಗಳ ಸಾಲಿನಲ್ಲಿ ತೂರಿಸಿ, ಒಂದೊಂದು ರೋಲರಿನಲ್ಲೂ ಚೂರುಚೂರೇ ಬಗ್ಗಿಸುತ್ತಾ ಈ ಆಕಾರ ತರುತ್ತಾರೆ. ಅಂಚಿನಲ್ಲಿ 20 ಎಂಎಂ ಒಳಕ್ಕೆ ಮಡಚಿರುವ ಲಿಪ್ ಇರುತ್ತಲ್ಲ, ಅದನ್ನು ಸುಮ್ನೆ ಅಂದಕ್ಕೆ ಇಟ್ಟದ್ದು ಅಂದುಕೊಳ್ಳಬೇಡಿ. ಒಂದು ಕಾಗದದ ಅಂಚನ್ನು ಬೆರಳಗಲ ಮಡಚಿ ಹಿಡಿದು ನೋಡಿ, ಜೋಲು ಬೀಳುವುದು ನಿಂತುಬಿಡುತ್ತದೆ. ಲಿಪ್ ಮಾಡುವುದೂ ಅದನ್ನೇ.

ಮಧ್ಯಾಹ್ನ ಊಟ ಮಾಡುವಾಗಲೂ ಆ 'ಹಗುರ' ಅನ್ನೋ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕಾಗದ ತಗೊಂಡು ಲೆಕ್ಕ ಹಾಕಿದೆ. ಎರಡೂವರೆ ಎಂಎಂ ಆದರೆ ಆ ಪೀಸು 58 ಕೆಜಿ. ಎರಡು ಎಂಎಂ ಆದರೆ 46 ಚಿಲ್ಲರೆ. ಇಬ್ಬರು ಹೊತ್ತರೆ ಒಬ್ಬೊಬ್ಬರ ಹೆಗಲಿಗೆ ಹತ್ತಿರ ಹತ್ತಿರ ಆರು ಕೆಜಿ ವ್ಯತ್ಯಾಸ. ದಿನಾ ಕಬ್ಬಿಣ ಹೊರುವವರಿಗೆ ಆರು ಕೆಜಿ ಗೊತ್ತಾಗಲ್ವಾ?

ಆಫೀಸಿನ ಡ್ರಾಯರಿನಿಂದ ಮೈಕ್ರೋಮೀಟರ್ ಹುಡುಕಿ ತಂದೆ. ಕೆಳಗೆ ಉಳಿದಿದ್ದ ಪೀಸಿನ ವೆಬ್ಬಿಗೆ, ಅಂದರೆ ನಡುವಿನ ನೇರ ಪಟ್ಟಿಗೆ, ಕಚ್ಚಿಸಿ ನೋಡಿದರೆ 2.03. ಇನ್ನೊಂದು, 2.04. ಅದರಲ್ಲಿ ಸತುವಿನ ಲೇಪನವೇ 0.04 ಇರುತ್ತದೆ. ಚದರ ಮೀಟರಿಗೆ 275 ಗ್ರಾಂ ಅಂದರೆ ಎರಡೂ ಮುಖ ಸೇರಿಸಿ. ಒಂದೊಂದು ಮುಖಕ್ಕೆ 20 ಮೈಕ್ರಾನ್ ಬೀಳುತ್ತದೆ. ಮೇಲೆ ಆಗಲೇ ಹದಿನಾಲ್ಕು ಪೀಸು ಕೂತಿದ್ದವು. ಏಣಿ ಹತ್ತಿ ಅವನ್ನೂ ಅಳೆದೆ. ಎಲ್ಲಾ ಎರಡೇ ಎಂಎಂ. ಮೊನ್ನೆ ಆ ತುದಿಯಲ್ಲಿ ಹಾಕಿದ್ದು ಮಾತ್ರ ಸರಿಯಾದ ಎರಡೂವರೆ.

ಸಪ್ಲೈಯರ್‌ಗೆ ಫೋನ್ ಮಾಡಿದೆ. ನಡೆದದ್ದು ಇಷ್ಟು. ಅರ್ಧ ಆರ್ಡರ್ ಆದಮೇಲೆ ಕಾಯಿಲ್ ಖಾಲಿಯಾಗಿದೆ, ಆಪರೇಟರ್ ಪಕ್ಕದಲ್ಲಿದ್ದ ಕಾಯಿಲ್ ಏರಿಸಿದ್ದಾನೆ. ಟ್ಯಾಗು ಮುಂಚೆಯೇ ಪ್ರಿಂಟ್ ಆಗಿತ್ತು. ಲಾರಿ ತೂಕದ ವೇಬ್ರಿಡ್ಜ್ ಚೀಟಿಯಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ ಅಂತ ನಿಮಗೆ ಅನ್ನಿಸಬಹುದು. ಇಪ್ಪತ್ತನಾಲ್ಕು ಪೀಸಿನಲ್ಲಿ ಕಡಿಮೆಯಾದದ್ದು ಒಟ್ಟು 280 ಕೆಜಿ. ಹನ್ನೆರಡೂವರೆ ಟನ್ ಮಾಲಿನಲ್ಲಿ ಅದು ಎಲ್ಲಿ ಕಾಣಿಸುತ್ತೆ?

"ಮೇಡಂ, ಅರ್ಧ ಎಂಎಂ ತಾನೆ? ಒಳಗಿನ ಎಂಟು ಬೇಗೆ ನೀವೇ ಎರಡು ಎಂಎಂ ಹಾಕಿಸಿದ್ದೀರಲ್ಲ. ತುದೀಲೂ ಅದೇ ಇದ್ದರೆ ಏನಾಗುತ್ತೆ?" ಅಂದರು ಸಪ್ಲೈಯರ್.

ಕೇಳಿದ ಮಾತಿನಲ್ಲಿ ತಪ್ಪಿಲ್ಲ. ಶೆಡ್ಡಿನ ಮಾಲೀಕರೂ ಸಂಜೆ ಇದನ್ನೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೇನೆ.

ಜೆಡ್ ಪರ್ಲಿನ್ನಿನ ಎರಡು ಫ್ಲ್ಯಾಂಜ್, ಅಂದರೆ ಮೇಲೆ ಕೆಳಗೆ ಮಡಚಿದ ಪಟ್ಟಿಗಳು, ಒಂದೇ ಅಗಲ ಇರುವುದಿಲ್ಲ. ಒಂದು ನಾಲ್ಕೈದು ಎಂಎಂ ಜಾಸ್ತಿ. ಹಾಗಾಗಿ ಪಕ್ಕದ ಬೇನ ಪೀಸನ್ನು ತಲೆಕೆಳಗು ಮಾಡಿದರೆ ಇದರೊಳಗೆ ಅದು ಬಟ್ಟಲೊಳಗೆ ಬಟ್ಟಲಿನ ಹಾಗೆ ಕೂರುತ್ತದೆ. ರ‍್ಯಾಫ್ಟರ್ ಮೇಲೆ ಆ ಕಡೆ ಮುಕ್ಕಾಲು ಮೀಟರ್, ಈ ಕಡೆ ಮುಕ್ಕಾಲು ಮೀಟರ್ ಎರಡೂ ಒಂದರಮೇಲೊಂದು ಬರುತ್ತವೆ. ಇದೇ ಲ್ಯಾಪ್. ಲ್ಯಾಪಿನ ಎರಡೂ ತುದಿಗೆ ಬೋಲ್ಟ್ ಬಿಗಿದರೆ 75 ಮೀಟರ್ ಉದ್ದಕ್ಕೂ ಒಂದೇ ತೊಲೆ ಇದ್ದ ಹಾಗೆ. ಒಂದು ಬೇ ಮೇಲೆ ಭಾರ ಬಿದ್ದರೆ ಅಕ್ಕಪಕ್ಕದ ಬೇ ಅದನ್ನು ಹಿಡಿದುಕೊಳ್ಳುತ್ತವೆ. ಬಿಡಿಬಿಡಿಯಾಗಿ ಇಟ್ಟಿದ್ದರೆ ಪ್ರತಿ ಪೀಸಿನ ನಡುಮಧ್ಯೆ ಬಾಗುವ ಒತ್ತಡ ಭಾರ ಗುಣಿಸು ಉದ್ದದ ವರ್ಗ ಭಾಗಿಸು 8 ಬರುತ್ತದೆ. ಲ್ಯಾಪ್ ಇದ್ದರೆ ಒಳಗಿನ ಬೇಗಳ ನಡುಮಧ್ಯೆ ಅದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಒತ್ತಡ ಜಾಸ್ತಿ ಬರುವುದು ರ‍್ಯಾಫ್ಟರ್ ಮೇಲೆ, ಅಲ್ಲಿ ಹೇಗೂ ಎರಡು ಪದರ ಇದೆ.

ತುದಿಯ ಬೇಗೆ ಈ ಭಾಗ್ಯ ಇಲ್ಲ. ಅದಕ್ಕೆ ಒಂದೇ ಕಡೆ ನೆಂಟರು. ಇನ್ನೊಂದು ತುದಿ ಗೋಡೆಯ ಫ್ರೇಮಿನ ಮೇಲೆ ಒಂಟಿಯಾಗಿ ಕೂತಿರುತ್ತದೆ. ನಡುವಿನ ಒತ್ತಡ ಒಳಗಿನ ಬೇಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ, ಜೋಲು ಅದಕ್ಕಿಂತಲೂ ಜಾಸ್ತಿ. ಅದಕ್ಕೇ ಡಿಸೈನ್ ಮಾಡಿದವರು ಅಲ್ಲಿಗೆ ಮಾತ್ರ ಎರಡೂವರೆ ಎಂಎಂ ಬರೆದಿದ್ದು.

ಮಾಲೀಕರು ಮೇಲೆ ನೋಡಿದರು. "ಆದರೂ ತಗಡಿನ ಭಾರ ಎಷ್ಟು ಮಹಾ?"

ತಗಡಿನ ಭಾರ ಏನೂ ಇಲ್ಲ, ನಿಜ. ಶೀಟು ಚದರ ಮೀಟರಿಗೆ ಐದು ಕೆಜಿಯೊಳಗೆ, ಪರ್ಲಿನ್ ಸೇರಿಸಿದರೆ ಹತ್ತು. ನನ್ನ ತಲೆನೋವೂ ಅದೇ. ಗಾಳಿ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬೀಸಿತು ಅನ್ನಿ. ಅದರ ಒತ್ತಡ 0.6 ಗುಣಿಸು 40 ಗುಣಿಸು 40, ಅಂದರೆ 960 ನ್ಯೂಟನ್, ಚದರ ಮೀಟರಿಗೆ ಹತ್ತಿರ ಹತ್ತಿರ ನೂರು ಕೆಜಿ. ಛಾವಣಿಯ ಮೇಲೆ ಅದರ ದೊಡ್ಡ ಪಾಲು ಎಳೆತವಾಗಿ ಮೇಲಕ್ಕೆ ಕೆಲಸ ಮಾಡುತ್ತದೆ. ಹತ್ತು ಕೆಜಿಯ ಛಾವಣಿ ಅದನ್ನು ತನ್ನ ತೂಕದಿಂದ ತಡೆಯುತ್ತಾ? ಗಾಳಿ ಬಂದಾಗ ಪರ್ಲಿನ್ನಿನ ಕೆಲಸ ಉಲ್ಟಾ ಆಗಿ, ಹೊತ್ತುಕೊಂಡಿದ್ದೇ ಈಗ ಹಗ್ಗದ ಹಾಗೆ ಹಿಡಿದು ಕಟ್ಟಿಹಾಕಬೇಕಾಗುತ್ತದೆ. ಆ ಎಳೆತ ಎಲ್ಲಕ್ಕಿಂತ ಜೋರಾಗಿರುವುದು ಛಾವಣಿಯ ಅಂಚು, ಮೂಲೆಗಳಲ್ಲಿ. ಅಂದರೆ ಸರಿಯಾಗಿ ನಮ್ಮ ತುದಿಯ ಬೇನಲ್ಲಿ.

ಇನ್ನೊಂದು ವಿಷಯವೂ ಇದೆ. ಭಾರ ಮೇಲಿಂದ ಬಂದಾಗ ಪರ್ಲಿನ್ನಿನ ಮೇಲಿನ ಫ್ಲ್ಯಾಂಜ್ ಒತ್ತಿಸಿಕೊಳ್ಳುತ್ತದೆ. ಅದನ್ನು ಪಕ್ಕಕ್ಕೆ ವಾಲದ ಹಾಗೆ ಶೀಟಿನ ಸ್ಕ್ರೂಗಳು ಹಿಡಿದಿರುತ್ತವೆ. ಗಾಳಿ ಮೇಲಕ್ಕೆಳೆದಾಗ ಒತ್ತಿಸಿಕೊಳ್ಳುವುದು ಕೆಳಗಿನ ಫ್ಲ್ಯಾಂಜ್. ಅದನ್ನು ಹಿಡಿಯಲು ಅಲ್ಲಿ ಶೀಟಿಲ್ಲ. ಪರ್ಲಿನ್ನುಗಳನ್ನು ಒಂದಕ್ಕೊಂದು ಕಟ್ಟುವ ಕಂಬಿ, ಅಂದರೆ ಸ್ಯಾಗ್ ರಾಡನ್ನು, ಕೆಳಗಿನ ತೂತಿಗೇ ಹಾಕಿ ಅಂತ ಡ್ರಾಯಿಂಗಿನಲ್ಲಿ ಬರೆದಿದ್ದರೆ ಕಾರಣ ಇದು. ಮೇಲಿನ ತೂತು ಕೈಗೆ ಹತ್ತಿರ ಅಂತ ಹುಡುಗರು ಎಲ್ಲಾ ರಾಡನ್ನೂ ಮೇಲೇ ಹಾಕಿಬಿಟ್ಟಿದ್ದನ್ನು ಒಂದು ಶೆಡ್ಡಿನಲ್ಲಿ ನೋಡಿದ್ದೇನೆ. ಇನ್ನು ನಟ್ಟನ್ನು ಜೋರಾಗಿ ಬಿಗಿದು ಪರ್ಲಿನ್ನನ್ನೇ ಬಿಲ್ಲಿನ ಹಾಗೆ ಬಗ್ಗಿಸಿದ್ದು ಬೇರೆ ಕಥೆ. ಆಮೇಲೆ ದಾರ ಹಿಡಿದು ಸ್ಕ್ರೂ ಹೊಡೆದರೆ ನಡುವಿನ ನಾಲ್ಕು ಸ್ಕ್ರೂ ಪರ್ಲಿನ್ನಿಗೆ ತಾಗದೆ ಗಾಳಿಗೆ ಹೋಗುತ್ತವೆ. ಮಳೆಗಾಲದಲ್ಲಿ ಆ ನಾಲ್ಕು ತೂತೂ ತಾವೇ ಕೂಗಿ ಹೇಳುತ್ತವೆ.

ಮಾಲೀಕರು ಜಾಸ್ತಿ ಮಾತಾಡಲಿಲ್ಲ. "ಇಳಿಸಿ" ಅಂದರು.

ಇಳಿಸುವುದು ಏರಿಸಿದಷ್ಟು ಖುಷಿಯ ಕೆಲಸ ಅಲ್ಲ. ಲ್ಯಾಪಿನಲ್ಲಿ ಒಂದರೊಳಗೊಂದು ಕೂತ ಪೀಸನ್ನು ಬಿಡಿಸುವಾಗ ಪಕ್ಕದ ಬೇನ ಬೋಲ್ಟನ್ನೂ ಸಡಿಲಿಸಬೇಕು. ಹದಿನಾಲ್ಕು ಪೀಸು ಕೆಳಗಿಳಿಯುವ ಹೊತ್ತಿಗೆ ಮರುದಿನ ಮಧ್ಯಾಹ್ನ. ಎತ್ತಬೇಡಿ ಅಂತ ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ಇದು ಯಾವುದೂ ಇರಲಿಲ್ಲ. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೇ ಹಗುರ ಆಗುತ್ತಿತ್ತೇನೋ.

ಹೊಸ ಪೀಸು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಎರಡು ಸಲ ಮಳೆ ಬಂತು. ನೆಲದ ಮೇಲೆ ಮಟ್ಟವಾಗಿ ಪೇರಿಸಿಟ್ಟಿದ್ದ ಇನ್ನೊಂದು ಬಂಡಲಿನ ಸಂದಿಗಳಲ್ಲಿ ನೀರು ನಿಂತು ಸುಣ್ಣ ಬಳಿದ ಹಾಗೆ ಬಿಳಿ ತುಕ್ಕು ಹಿಡಿಯಿತು. ಮೇಲೆ ಹೋಗಿ ಗಾಳಿ ಆಡಿದರೆ ಜಿಐಗೆ ಮಳೆ ಏನೂ ಮಾಡುವುದಿಲ್ಲ. ಒಂದಕ್ಕೊಂದು ಅಂಟಿಸಿಟ್ಟು ಒದ್ದೆ ಮಾಡಿದರೆ ವಾರದಲ್ಲೇ ಬೆಳ್ಳಗಾಗುತ್ತದೆ. ಒಂದು ತುದಿ ಎತ್ತರ ಮಾಡಿ, ನಡುವೆ ಮರದ ಪಟ್ಟಿ ಇಟ್ಟು ಪೇರಿಸಬೇಕಿತ್ತು. ಅದೂ ಗೊತ್ತಿದ್ದ ವಿಷಯವೇ.

ಹೊಸ ಮಾಲು ಬಂದ ದಿನ ಮೇಸ್ತ್ರಿ ಲಾರಿ ಹತ್ತಿ, ಮೇಲಿನ ಪೀಸಿನ ಒಂದು ತುದಿಯನ್ನು ಮೊಣಕಾಲಿನವರೆಗೆ ಎತ್ತಿ ಇಳಿಸಿದರು. "ಹ್ಞಾಂ, ಇದು ಅದೇ." ನನ್ನ ಮೈಕ್ರೋಮೀಟರ್ 2.53 ತೋರಿಸಿತು.

ಈಗ ಅದೇ ಪದ್ಧತಿ ಆಗಿಬಿಟ್ಟಿದೆ. ಪ್ರತಿ ಬಂಡಲಿನಿಂದ ಎರಡು ಪೀಸು ಅಳೆದು, ಮಾರ್ಕರಿನಲ್ಲಿ ವೆಬ್ಬಿನ ಮೇಲೇ ದಪ್ಪ ಬರೆದು, ತುದಿ ಬೇನದ್ದಕ್ಕೆ ಕೆಂಪು ಬಣ್ಣ ಹಚ್ಚುತ್ತೇವೆ. ನಾನು ಪೆಟ್ಟಿಗೆಯಿಂದ ಮೈಕ್ರೋಮೀಟರ್ ತೆಗೆಯುವಷ್ಟರಲ್ಲಿ ಅವರು ಎತ್ತಿ ನೋಡಿ ಹೇಳಿ ಆಗಿರುತ್ತದೆ. ಇಲ್ಲಿಯವರೆಗೆ ಇಬ್ಬರ ಲೆಕ್ಕ ಒಂದೇ ಸಲ ಬೇರೆ ಬಂದಿದೆ. ಅವತ್ತು ನಾನು ಕತ್ತರಿಸಿದ ಅಂಚಿನಲ್ಲಿ ಎದ್ದಿದ್ದ ಚೂಪು ಚೂರಿನ (ಬರ್) ಮೇಲೆ ಮೈಕ್ರೋಮೀಟರ್ ಕಚ್ಚಿಸಿದ್ದೆ.